ಪಿತ್ತ ಕಿವಿಗೆ ಏರಿ ಕಿವುಡು ಬರ್ತದೇನ್ರಿ?

ಓದುಗರ ಪ್ರಶ್ನೆ: “ಡಾಕ್ಟ್ರಿಗೆ ನಮಸ್ಕಾರ. ನಂದು ಗದಗ-ಬೆಟಗೇರಿ, ವಯಸ್ಸು 46. ಪ್ರಿಂಟಿಂಗ್ ಪ್ರೆಸ್‌ನ್ಯಾಗ ಮಷಿನ್ ಮ್ಯಾಲೆ ಕೆಲಸ, ಇಪ್ಪತ್ತು ವರ್ಷದ ಮ್ಯಾಲಾತು. ಎಂಟು ತಿಂಗಳಿಂದ ಎಡಗಿವಿ ಹತ್ತಿ ತುರುಕಿದಂಗ ಆಗ್ತದ. ರಾತ್ರಿ ಮಲಗಿದ್ರ ಗುಂಯ್ ಅಂತ ಸಪ್ಪಳ. ಒಮ್ಮೊಮ್ಮೆ ಒಳಗ ಚುಚ್ಚಿದಂಗ ನೋವು, ಆದ್ರ ಕಿವಿ ಸೋರೂದಿಲ್ಲ. ಗಂಟಲಾಗ ಏನೋ ಸಿಕ್ಕೊಂಡಂಗ ಆಗಿ ಪದೇ ಪದೇ ಖಾಕರಿಸ್ತೀನಿ. ರಾತ್ರಿ ಊಟ ಹತ್ತೂವರಿ ಹನ್ನೊಂದಕ್ಕ. ಉಂಡು ಅಡ್ಡ ಆದ್ರ ಹುಳಿತೇಗು. ಔಷಧ ಅಂಗಡ್ಯಾಗ ಗ್ಯಾಸಿನ ಗುಳಿಗಿ ಕೇಳಿ ನಾಕು ತಿಂಗಳಿಂದ ತಗೊಳ್ಳಾಕತ್ತೀನಿ. ಹೊಟ್ಟಿ ಹಗುರ ಆತು, ಕಿವಿ ಹಂಗ ಐತಿ. ‘ಪಿತ್ತ ಕಿವಿಗೆ ಏರೇತಿ, ಹಂಗ ಬಿಟ್ರ ಕಿವುಡ ಆಗ್ತಿ’ ಅಂತಾರ ನಮ್ಮ ಮಾವ. ಮೊಬೈಲ್‌ನ್ಯಾಗೂ ಹಂಗ ಹೇಳಿದ್ರು. ನಮ್ಮತ್ತಿ ಬಳ್ಳೊಳ್ಳಿ ಎಣ್ಣಿ ಕಾಸಿ ಬಿಟ್ರು, ಎರಡ ದಿನ ಬೆಚ್ಚಗ ಅನ್ನಿಸ್ತು, ಅಷ್ಟ. ಎಲಿ-ಅಡಿಕಿ ರೂಢಿ ಐತಿ, ಮೊದ್ಲ ಗುಟ್ಕಾನೂ ಇತ್ತು. ಎಂಡೋಸ್ಕೋಪಿ ಮಾಡಿಸ್ಲೋ, ಗುಳಿಗಿ ಹೆಚ್ಚು ಮಾಡ್ಲೋ? ಐದು ವರ್ಷದ ಮಗಳಿಗೂ ಕಿವಿ ಮಂದ ಅಂತಾರ. ಆಕಿಗೂ ಇದ ಇರಬಹುದೇನ್ರಿ?”

ಅಣ್ಣಾರ, ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಹೆಣೆದುಕೊಂಡಿವೆ. ಹೊಟ್ಟೆಯ ಹುಳಿ ಕಿವಿಯ ತನಕ ಬರುತ್ತದೆಯೇ ಎನ್ನುವುದು ಒಂದು. ಬಂದರೆ ಕಿವುಡಾಗುತ್ತೇನೆಯೇ ಎನ್ನುವುದು ಇನ್ನೊಂದು. ಮೊದಲನೆಯದು ಕೆಲವರಲ್ಲಿ ನಿಜ. ಎರಡನೆಯದಕ್ಕೆ ಆಧಾರ ತೀರಾ ಕಡಿಮೆ. ಆದರೆ ಪತ್ರ ಓದಿ ನನಗೆ ಕಳವಳವಾದದ್ದು ಬೇರೆಯ ಸಂಗತಿಗೆ. ಎಂಟು ತಿಂಗಳಲ್ಲಿ ಮಾವನವರು ಹೇಳಿದರು, ಅತ್ತೆಯವರು ಎಣ್ಣೆ ಬಿಟ್ಟರು, ಅಂಗಡಿಯವರು ಗುಳಿಗೆ ಕೊಟ್ಟರು, ಮೊಬೈಲು ಹೆದರಿಸಿತು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದವರು ಒಬ್ಬರೂ ಇಲ್ಲ. ಕಿವಿಯ ತೊಂದರೆಗೆ ಹೊಟ್ಟೆಯಿಂದ ಶುರು ಮಾಡಬಾರದು. ಮೊದಲು ಕಿವಿ ನೋಡಿಸಬೇಕು, ಆಮೇಲೆ ಬಾಯಿ ಮತ್ತು ಗಂಟಲು, ಕೊನೆಗೆ ಹೊಟ್ಟೆ.

ಮಾವನವರ ಮಾತಿನಲ್ಲಿ ಎಷ್ಟು ಹುರುಳಿದೆ ನೋಡೋಣ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯೊಂದಿದೆ, ಅದೇ ಮಧ್ಯಕಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ನಳಿಕೆ ಇಳಿಯುತ್ತದೆ. ಅದರ ಹೆಸರು ಯುಸ್ಟೇಶಿಯನ್ ನಳಿಕೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡೇ ಇರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯುಗಳು ಜಗ್ಗಿ ಅದನ್ನು ಕ್ಷಣಕಾಲ ತೆರೆಯುತ್ತವೆ, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸಮನಾಗುತ್ತದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸು ಅರಬೈಲ ಘಟ್ಟ ಇಳಿಯುವಾಗ ಕಿವಿ ಕಟ್ಟಿ, ಉಗುಳು ನುಂಗಿದ ಕೂಡಲೇ ಟಪ್ ಎಂದು ಬಿಟ್ಟುಕೊಳ್ಳುವುದು ಈ ನಳಿಕೆಯ ಕೆಲಸ.

ಈಗ ಕೆಳಗಿನಿಂದ ಬರೋಣ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಬಿಗಿಯಾದ ಸ್ನಾಯುವೊಂದು ಬಾಗಿಲು ಕಾಯುತ್ತದೆ. ಅದು ಸಡಿಲವಾದರೆ ಹೊಟ್ಟೆಯ ರಸ ಮೇಲಕ್ಕೆ ಬರುತ್ತದೆ. ಎದೆಯ ಮಟ್ಟದಲ್ಲೇ ನಿಂತರೆ ಎದೆಯುರಿ. ಗಂಟಲ ತನಕ ಬಂದರೆ ಎದೆ ಉರಿಯದೆಯೂ ಇರಬಹುದು. ಬದಲಿಗೆ ಗಂಟಲಲ್ಲಿ ಏನೋ ಸಿಕ್ಕ ಭಾವ, ಪದೇ ಪದೇ ಖಾಕರಿಸುವುದು, ಬೆಳಿಗ್ಗೆ ಒಡಕು ದನಿ, ಒಣಕೆಮ್ಮು ಕಾಣಿಸುತ್ತವೆ. ಮೇಲೇರಿದ ರಸದಲ್ಲಿ ಆಮ್ಲದ ಜೊತೆಗೆ ಪೆಪ್ಸಿನ್ ಎಂಬ, ಮಾಂಸಾಂಶ ಕರಗಿಸುವ ಕಿಣ್ವವೂ ಇರುತ್ತದೆ. ಹೊಟ್ಟೆಯ ಗೋಡೆಗೆ ಅದನ್ನು ತಡೆಯುವ ಲೋಳೆಯ ಕವಚ ಇದೆ. ಗಂಟಲಿಗೆ ಅಂಥ ರಕ್ಷಣೆ ಇಲ್ಲ. ಮಲಗಿದ ಹೊತ್ತಿನಲ್ಲಿ ಇನ್ನೂ ಮೇಲೇರಿದರೆ ನಳಿಕೆಯ ಬಾಯಿ ಕೆರಳಿ ಊದಿಕೊಳ್ಳಬಹುದು. ಊದಿದ ನಳಿಕೆ ಸರಿಯಾಗಿ ತೆರೆಯುವುದಿಲ್ಲ. ಮಧ್ಯಕಿವಿಯ ಗಾಳಿ ಒಳಗೇ ಹೀರಿಹೋಗಿ, ತಮಟೆ ಒಳಗೆ ಎಳೆದುಕೊಂಡು, ಹತ್ತಿ ತುರುಕಿದಂಥ ಭಾವ ಬರುತ್ತದೆ. ಬಹಳ ದಿನ ಹಾಗೇ ಉಳಿದರೆ ಒಳಗೆ ನೀರೂ ಕೂಡಬಹುದು.

ಇದು ಬರೀ ಊಹೆಯಲ್ಲ. 2002ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು ಮಕ್ಕಳ ಮಧ್ಯಕಿವಿಯಿಂದ ತೆಗೆದ ದ್ರವವನ್ನು ಪರೀಕ್ಷಿಸಿ, ಬಹುಪಾಲು ಮಾದರಿಗಳಲ್ಲಿ ಪೆಪ್ಸಿನ್ ಕಂಡರು. ಮೊಬೈಲಿನಲ್ಲಿ ನೀವು ನೋಡಿದ್ದಕ್ಕೆ ಮೂಲ ಇಂಥ ಅಧ್ಯಯನಗಳೇ. ಮುಂದೆ ಬೇರೆಯವರು ಹುಡುಕಿದಾಗ ಆ ಪ್ರಮಾಣ ಅಷ್ಟು ಇರಲಿಲ್ಲ ಎನ್ನುವುದನ್ನು ಮಾತ್ರ ಮೊಬೈಲಿನವರು ಹೇಳುವುದಿಲ್ಲ. ಪೆಪ್ಸಿನ್ ಸಿಕ್ಕಿತು ಎಂದ ಮಾತ್ರಕ್ಕೆ ಕಿವಿ ಕೆಟ್ಟದ್ದು ಅದರಿಂದಲೇ ಎಂದೂ ಆಗುವುದಿಲ್ಲ.

ಇನ್ನು ಕಿವುಡಿನ ಮಾತು. ನಳಿಕೆ ಕಟ್ಟಿದರೆ ಶಬ್ದ ಒಳಗೆ ಸಾಗುವ ದಾರಿಗೆ ಅಡ್ಡಿಯಾಗುತ್ತದೆ, ಅಷ್ಟೇ. ಶಬ್ದ ಮಂಕಾಗುತ್ತದೆ, ನಳಿಕೆ ತೆರೆದರೆ ಮರಳುತ್ತದೆ. ಒಳಕಿವಿಯ ನರದ ಕೋಶಗಳು ಸತ್ತು ಬರುವ ಕಿವುಡು ಬೇರೆ ಜಾತಿಯದು, ಹೋದ ಕೋಶ ತಿರುಗಿ ಹುಟ್ಟುವುದಿಲ್ಲ. ಹುಳಿತೇಗು ಈ ಎರಡನೆಯ ಬಗೆಯ ಕಿವುಡು ತರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ನಿಮಗಿರುವುದು ಯಾವ ಬಗೆಯದು ಎಂಬ ಸುಳಿವು ಮನೆಯಲ್ಲೇ ಸಿಗಬಹುದು. ಎಲ್ಲ ಮಲಗಿದ ಮೇಲೆ ಫ್ಯಾನು ಆರಿಸಿ ಕೂತು, ತುಟಿ ಮುಚ್ಚಿ, ‘ಮ್‌ಮ್‌ಮ್’ ಎಂದು ಒಂದೇ ಸಮನೆ ಗುನುಗಿ. ಆ ದನಿ ಕಟ್ಟಿದ ಎಡಗಿವಿಯಲ್ಲೇ ಜೋರಾಗಿ ಕೇಳಿದರೆ ತೊಂದರೆ ದಾರಿಯಲ್ಲಿದೆ: ಗುಗ್ಗೆ, ನೀರು, ನಳಿಕೆ, ತಮಟೆ ಇವುಗಳಲ್ಲಿ ಯಾವುದೋ ಒಂದು. ಚೆನ್ನಾಗಿರುವ ಬಲಗಿವಿಯ ಕಡೆಗೇ ದನಿ ವಾಲಿದರೆ ನರದ ಕಡೆ ಅನುಮಾನ ಪಡಬೇಕು. ನಾವು ಹಣೆಯ ಮೇಲೆ ಶ್ರುತಿಕವೆ ಇಟ್ಟು ಕೇಳುವುದೂ ಇದೇ ಪ್ರಶ್ನೆಯನ್ನು. ಇದು ಸುಳಿವು ಮಾತ್ರ, ತೀರ್ಪು ಕೊಡುವುದು ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ.

ನೋವಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಅಲ್ಲಿ. ಕಿವಿಗೆ ಬರುವ ನರಗಳು ಕಿವಿಗಷ್ಟೇ ಮೀಸಲಲ್ಲ. ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿಯ ದ್ವಾರಕ್ಕೂ ಬರುತ್ತದೆ. ಗುಗ್ಗೆ ತೆಗೆಯುವಾಗ ಕೆಲವರಿಗೆ ತಟ್ಟನೆ ಕೆಮ್ಮು ಬರುವುದು ಅದಕ್ಕೇ. ನಾಲಿಗೆಯ ಬುಡ ಮತ್ತು ಟಾನ್ಸಿಲ್‌ನ ನರಕ್ಕೂ ಮಧ್ಯಕಿವಿಯಲ್ಲಿ ಕವಲಿದೆ. ಹಲ್ಲು-ದವಡೆಗಳ ನರಕ್ಕೆ ಕಿವಿಯ ಮುಂಭಾಗದಲ್ಲಿದೆ. ಹೀಗಾಗಿ ಹುಳಿಯಿಂದ ಗಂಟಲು ಕೆರಳಿದರೂ ಕಿವಿ ಚುಚ್ಚಬಹುದು, ಹುಳುಕು ದವಡೆಹಲ್ಲಿಗೂ ಚುಚ್ಚಬಹುದು, ದವಡೆಯ ಕೀಲು ಸವೆದರೂ ಚುಚ್ಚಬಹುದು. ಕಿವಿ ನೋವೆಂದು ಬಂದವರ ಕಿವಿ ಚೊಕ್ಕವಾಗಿದ್ದರೆ ನಾನು ಮೊದಲು ಬಾಯಿ ತೆರೆಸುತ್ತೇನೆ.

ನಿಮ್ಮ ಬಾಯಿಯನ್ನೂ ಹಾಗೆ ತೆರೆಸಬೇಕಿದೆ. ಎಲೆ-ಅಡಿಕೆ, ಗುಟ್ಕಾ ಎಂದು ಪತ್ರದ ಕೊನೆಯಲ್ಲಿ ಹಗುರವಾಗಿ ಬರೆದಿರಿ. ನನಗೆ ಅದೇ ಮೊದಲ ಸಾಲು. ನಿಮ್ಮದೇ ಮೂರು ಬೆರಳು, ತೋರು, ನಡು ಮತ್ತು ಉಂಗುರದ ಬೆರಳು, ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಲೀಸಾಗಿ ಹೋಗಬೇಕು. ಎರಡೇ ಹೋದರೆ, ಅಥವಾ ಕೆನ್ನೆಯ ಒಳಮೈ ಬಿಳಿಚಿಕೊಂಡು ನಾರು ನಾರಾಗಿ ತಾಕಿದರೆ, ಖಾರದ ಚಟ್ನಿ ತಿಂದಾಗ ಬಾಯಿ ಉರಿದರೆ, ಅಡಿಕೆಯಿಂದ ಬಾಯೊಳಗಿನ ಪದರ ಬಿಗಿಯುವ ಕಾಯಿಲೆ ಶುರುವಾಗಿರಬಹುದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಅದು ಅಂಗುಳಿನ ಸ್ನಾಯುಗಳನ್ನೂ ಬಿಗಿಯುತ್ತದೆ, ಯುಸ್ಟೇಶಿಯನ್ ನಳಿಕೆಯನ್ನು ತೆರೆಯಬೇಕಾದ ಅದೇ ಸ್ನಾಯುಗಳನ್ನು! ಆಗ ಕಿವಿ ಕಟ್ಟುವುದಕ್ಕೆ ಹೊಟ್ಟೆಯ ಹುಳಿ ಬೇಕಾಗಿಯೇ ಇಲ್ಲ. ಮುಂದೆ ಬಾಯಿಯ ಕ್ಯಾನ್ಸರಿಗೆ ತಿರುಗುವ ಅಪಾಯ ಇರುವುದರಿಂದ ಈ ಕಾಯಿಲೆಗೆ ನಾವು ಹೆದರುತ್ತೇವೆ. ತಂಬಾಕು ಹಾಕಿ ರೂಢಿಯಿರುವವರಿಗೆ ಒಂದೇ ಬದಿಯ ಕಿವಿನೋವು ವಾರಗಟ್ಟಲೆ ಇದ್ದರೆ ನಾಲಿಗೆಯ ಬುಡ, ಗಂಟಲ ಕೆಳಭಾಗಗಳನ್ನು ಸ್ಕೋಪ್ ಹಾಕಿ ನೋಡದೆ ‘ಗ್ಯಾಸು’ ಎಂದು ಕಳಿಸಬಾರದು. ನಿಮಗೆ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ನೋಡದೆ ಇಲ್ಲ ಎನ್ನುವಂತೆಯೂ ಇಲ್ಲ.

ಗುಂಯ್ ಎನ್ನುವ ಸಪ್ಪಳಕ್ಕೆ ನನ್ನ ಅನುಮಾನ ನಿಮ್ಮ ಪ್ರೆಸ್ಸಿನ ಮೇಲೆ. ಗದಗದ ಮುದ್ರಣಾಲಯಗಳಿಗೆ ನಾಡಿನಲ್ಲೇ ಹೆಸರಿದೆ, ಅಲ್ಲಿ ಕಿವಿ ಕಳೆದುಕೊಂಡವರ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ. 85 ಡೆಸಿಬೆಲ್ ಮೇಲಿನ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ಕೆಲಸ ಮಾಡಿದರೆ ಒಳಕಿವಿಯ ಕೋಶಗಳು ಸವೆಯುತ್ತವೆ. ಅಳತೆಯ ಯಂತ್ರ ಬೇಕಿಲ್ಲ: ಕೈಯಳತೆ ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಎತ್ತಬೇಕಾದರೆ ಸದ್ದು ಆ ಮಟ್ಟ ದಾಟಿದೆ ಎಂದೇ ತಿಳಿಯಿರಿ. ಇಂಥ ನಷ್ಟ ಆಡಿಯೋಗ್ರಾಮಿನಲ್ಲಿ, ಅಂದರೆ ಆ ಪರೀಕ್ಷೆಯ ನಕ್ಷೆಯಲ್ಲಿ, 4000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬಿದ್ದಂತೆ ಕಾಣುತ್ತದೆ. ಶುರುವಿನಲ್ಲಿ ಮಾತೆಲ್ಲ ಕೇಳುತ್ತದೆ, ರಾತ್ರಿ ಸದ್ದಡಗಿದ ಮೇಲೆ ಗುಂಯ್ ಮಾತ್ರ ಉಳಿಯುತ್ತದೆ. ಆದರೆ ಸದ್ದಿನ ಪೆಟ್ಟು ಸಾಮಾನ್ಯವಾಗಿ ಎರಡೂ ಕಿವಿಗೆ ಬೀಳುತ್ತದೆ, ನಿಮ್ಮದು ಒಂದೇ ಕಿವಿ. ಪರೀಕ್ಷೆಯಲ್ಲಿ ನರದ ನಷ್ಟ ಎಡಕ್ಕೆ ಮಾತ್ರ ಕಂಡರೆ ಕಿವಿಯ ನರದ ಮೇಲೆ ಗಂಟೇನಾದರೂ ಇದೆಯೇ ಎಂದು ಎಂಆರ್‌ಐ ಮಾಡಿಸಬೇಕಾಗುತ್ತದೆ. ಅಪರೂಪದ ಗಂಟು ಅದು, ಬಹುತೇಕ ಕ್ಯಾನ್ಸರ್ ಅಲ್ಲ. ಹಾಗೆಯೇ ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ಕೂತಿದ್ದರೆ ಮೂಗಿನ ಹಿಂಭಾಗವನ್ನು ದುರ್ಬೀನು ಹಾಕಿ ನೋಡಲೇಬೇಕು. ಅಲ್ಲಿ ಏನಾದರೂ ಬೆಳೆದು ನಳಿಕೆಯ ಬಾಯಿ ಒತ್ತಿರಬಹುದು.

ಬೆಳ್ಳುಳ್ಳಿ ಎಣ್ಣೆಯ ಬಗ್ಗೆ ಅತ್ತೆಯವರಿಗೆ ಬೇಸರವಾಗದಂತೆ ಹೇಳಿ: ಇನ್ನು ಬೇಡ. ಎಣ್ಣೆ ತಮಟೆ ದಾಟಿ ಒಳಗೆ ಹೋಗುವುದಿಲ್ಲ, ಹಾಗಾಗಿ ನಳಿಕೆಗೆ ಅದು ತಲುಪುವುದೇ ಇಲ್ಲ. ತಮಟೆಗೆ ತೂತಿದ್ದರೆ ಒಳಗಿಳಿದು ಕೀವಾಗುತ್ತದೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ನಮ್ಮ ಕಡೆ ಮಳೆಗಾಲ ಬಂತೆಂದರೆ ಕಿವಿಯಿಂದ ಕರಿ-ಬಿಳಿ ಬೂಷ್ಟು ತೆಗೆಯುವುದೇ ಒಂದು ಕೆಲಸ.

ಹೊಟ್ಟೆಗೆ ಬರೋಣ, ಅದನ್ನೂ ಬಿಡುವಂತಿಲ್ಲ. ಹುಳಿತೇಗು ನಿಮಗೆ ಇದೆ, ಗಂಟಲಿನ ಲಕ್ಷಣವೂ ಇದೆ. ಖಾರ ಬಿಡಿ, ರಂಜಕ ಬಿಡಿ, ಸಾವಜಿ ಊಟ ಬಿಡಿ ಎಂದು ಹೇಳುವುದು ಸುಲಭ, ಆದರೆ ನನ್ನ ಅನುಭವದಲ್ಲಿ ಖಾರಕ್ಕಿಂತ ಹೊತ್ತು ಹೆಚ್ಚು ಕೆಡಿಸುತ್ತದೆ. ಹನ್ನೊಂದಕ್ಕೆ ಉಂಡು ಹನ್ನೊಂದೂವರೆಗೆ ಅಡ್ಡಾದರೆ ಬರೀ ಮೊಸರನ್ನ ಉಂಡರೂ ಮೇಲೆ ಬರುತ್ತದೆ. ಊಟಕ್ಕೂ ಹಾಸಿಗೆಗೂ ನಡುವೆ ಮೂರು ತಾಸು ಬೇಕು. ಪಾಳಿ ಮುಗಿಯುವುದೇ ತಡ ಎಂದರೆ, ಸಂಜೆ ಏಳರ ಹೊತ್ತಿಗೆ ಪ್ರೆಸ್ಸಿನಲ್ಲೇ ಎರಡು ರೊಟ್ಟಿ-ಪಲ್ಯ ಉಂಡು, ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗಿ. ಆ ಹೊತ್ತಿಗೆ ಗಿರಮಿಟ್-ಮಿರ್ಚಿ ತಿಂದು ರಾತ್ರಿ ಮತ್ತೆ ಹೊಟ್ಟೆ ಬಿರಿಯ ಉಣ್ಣುವುದು ಎರಡು ಪಟ್ಟು ತಪ್ಪು. ಮಂಚದ ತಲೆಯ ಕಡೆಯ ಎರಡು ಕಾಲಿನ ಕೆಳಗೆ ಕಟ್ಟಿಗೆ ತುಂಡು ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಎರಡು ದಿಂಬು ಇಟ್ಟರೆ ಕತ್ತು ಮಾತ್ರ ಮಡಚುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು. ಹೊಟ್ಟೆ ಮುಂದೆ ಬಂದಿದ್ದರೆ ತೂಕ ಇಳಿಸುವುದು ಎಷ್ಟೋ ಗುಳಿಗೆಗಿಂತ ಮೇಲು. ಚಹಾ ಎಷ್ಟು ಸಲ ಆಗುತ್ತದೆ ಎಂದು ನೀವು ಬರೆದಿಲ್ಲ, ಪ್ರೆಸ್ಸಿನವರಾದ್ದರಿಂದ ಊಹಿಸಬಲ್ಲೆ. ಕೊನೆಯದು ಸಂಜೆ ಐದರೊಳಗಿರಲಿ.

ಗುಳಿಗೆ ಹೆಚ್ಚು ಮಾಡಬೇಡಿ. ಎದೆಯುರಿ, ಹುಳಿತೇಗಿಗೆ ಆಮ್ಲ ಇಳಿಸುವ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಿಮ್ಮ ಹೊಟ್ಟೆ ಹಗುರಾದದ್ದು ಅದರಿಂದಲೇ. ಗಂಟಲು, ಕಿವಿಗೆ ಅದರ ಫಲ ಅಷ್ಟಕ್ಕಷ್ಟೆ. ಬ್ರಿಟನ್ನಿನಲ್ಲಿ ಬಹುಕಾಲದ ಗಂಟಲ ತೊಂದರೆಯಿದ್ದ 346 ಜನರಲ್ಲಿ ಕೆಲವರಿಗೆ 16 ವಾರ ದಿನಕ್ಕೆರಡು ಲ್ಯಾನ್ಸೊಪ್ರಜೋಲ್, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟು ಹೋಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದ್ದವು. ನಾಲ್ಕು ತಿಂಗಳು ಗುಳಿಗೆ ನುಂಗಿಯೂ ನಿಮ್ಮ ಕಿವಿ ಬದಲಾಗಿಲ್ಲ ಎಂಬುದೇ ಒಂದು ಉತ್ತರ: ಕಾರಣ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು.

ಗುಳಿಗೆಯ ಪಟ್ಟಿ ಒಮ್ಮೆ ತಿರುಗಿಸಿ ನೋಡಿ. ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ದರೆ ಆಮ್ಲ ಇಳಿಸುವ ಔಷಧದ ಜೊತೆ ಡೊಂಪೆರಿಡೋನ್ ಕೂಡ ಇರುತ್ತದೆ. ಅದು ವಾಂತಿಯ ಔಷಧ. ಕೆಲವರಲ್ಲಿ ಹೃದಯದ ಬಡಿತದ ಲಯ ತಪ್ಪಿಸುವುದರಿಂದ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದನ್ನು ಸಾಮಾನ್ಯವಾಗಿ ಒಂದು ವಾರ ಮೀರಿ ಕೊಡಬಾರದೆಂದರು. ನಮ್ಮಲ್ಲಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಬರೀ ಆಮ್ಲ ಇಳಿಸುವ ಗುಳಿಗೆಯನ್ನೂ ವರ್ಷಾನುಗಟ್ಟಲೆ ತೆಗೆದುಕೊಂಡರೆ ಬಿ12, ಮೆಗ್ನೀಸಿಯಂ ಇಳಿಯಬಹುದು. ಹಾಗೆಂದು ನಾಳೆಯೇ ಎಸೆಯಬೇಡಿ. ತಟ್ಟನೆ ಬಿಟ್ಟರೆ ಕೆಲವು ದಿನ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ. ತೆಗೆದುಕೊಳ್ಳುವಷ್ಟು ದಿನ ಊಟಕ್ಕೆ ಅರ್ಧ ತಾಸು ಮೊದಲು ನುಂಗಿ, ಉಂಡ ಮೇಲೆ ನುಂಗಿದರೆ ಅರ್ಧ ಗುಣ ವ್ಯರ್ಥ. ಸೊಂಟನೋವಿಗೆಂದು ನೋವಿನ ಗುಳಿಗೆ ತೆಗೆದುಕೊಳ್ಳುತ್ತೀರಾದರೆ ಅದನ್ನೂ ಹೇಳಿ. ಅವು ಹೊಟ್ಟೆ ಕೆಡಿಸುತ್ತವೆ. ಆಸ್ಪಿರಿನ್ ಹೆಚ್ಚಾದರೆ ಕಿವಿಯಲ್ಲಿ ಗುಂಯ್ ಎನ್ನುವುದೂ ಉಂಟು.

ಎಂಡೋಸ್ಕೋಪಿ ಕಿವಿಗೋಸ್ಕರ ಬೇಡ. ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ರಕ್ತಹೀನತೆ ಇದ್ದರೆ ತಡಮಾಡದೆ ಮಾಡಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆಯುರಿದು ದವಡೆ-ಕಿವಿಯ ತನಕ ನೋವು ಬಂದು ಬೆವರಿದರೆ ಅದು ಪಿತ್ತವಲ್ಲ, ಹೃದಯ ಇರಬಹುದು. ಇಸಿಜಿ ಮಾಡಿಸಲು ಓಡಬೇಕು. ಇನ್ನೊಂದಕ್ಕೆ ಓಡಬೇಕು: ಬೆಳಿಗ್ಗೆ ಎದ್ದಾಗ, ಅಥವಾ ಎರಡು-ಮೂರು ದಿನದೊಳಗೆ, ಒಂದು ಕಿವಿ ತೀರಾ ಮಂದವಾದರೆ ಅಥವಾ ಪೂರ್ತಿ ಬಂದ್ ಆದರೆ, ತಲೆ ತಿರುಗಲಿ ಬಿಡಲಿ. ನರದ ಹಠಾತ್ ನಷ್ಟಕ್ಕೆ ಸ್ಟೀರಾಯ್ಡ್ ಮೊದಲ ದಿನಗಳಲ್ಲಿ ಕೊಟ್ಟರಷ್ಟೇ ಒಳ್ಳೆಯ ಗುಣ, ಎರಡು ವಾರ ಕಳೆದರೆ ಅವಕಾಶ ಬಹಳ ಕಡಿಮೆ. ‘ಗ್ಯಾಸು, ಇಳೀತದ’ ಎಂದು ಕಾಯ್ದು ತಿಂಗಳಾದ ಮೇಲೆ ಬರುವವರಿಗೆ ನಾವು ಕೊಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ನಿಮ್ಮ ಕಿವಿಯಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ಮುಂದಿನದು. ಗುಗ್ಗೆಯಾದರೆ ಹತ್ತು ನಿಮಿಷದ ಕೆಲಸ. ನಳಿಕೆಯ ತೊಂದರೆಯಾದರೆ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ಒತ್ತುವುದು, ನೆಗಡಿ-ಅಲರ್ಜಿ ಇದ್ದರೆ ಮೂಗಿನ ಸ್ಪ್ರೇ. ಜೋರಾಗಿ ಒತ್ತಿದರೆ ತಮಟೆಗೆ ಪೆಟ್ಟು. ನೀರು ಮೂರು ತಿಂಗಳಾದರೂ ಆರದಿದ್ದರೆ ತಮಟೆಗೆ ಗ್ರೊಮೆಟ್ ಎಂಬ ಸಣ್ಣ ಕೊಳವೆ ಹಾಕುತ್ತೇವೆ. ಸದ್ದಿನ ನಷ್ಟವಾದರೆ ಇದ್ದುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ: ಫೋಮಿನ ಕಿವಿಬಿರಡೆಯನ್ನು ಪಾಳಿಯುದ್ದಕ್ಕೂ ಹಾಕಿಕೊಳ್ಳಬೇಕು. ಹತ್ತಿಯ ಉಂಡೆ ಸಾಲದು.

ಮಗಳ ವಿಷಯ ಬೇರೆ. ಆ ವಯಸ್ಸಿನಲ್ಲಿ ನಳಿಕೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ. ನೆಗಡಿ, ಊದಿದ ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ), ಮನೆಯೊಳಗಿನ ಬೀಡಿ-ಸಿಗರೇಟಿನ ಹೊಗೆ, ಇವುಗಳಿಂದ ಮಧ್ಯಕಿವಿಯಲ್ಲಿ ನೀರು ಕೂಡುವುದು ತೀರಾ ಸಾಮಾನ್ಯ. ಬಾಯಿ ತೆರೆದು ಮಲಗುತ್ತಾಳೆಯೇ, ಗೊರಕೆ ಹೊಡೆಯುತ್ತಾಳೆಯೇ, ಟಿವಿ ಸದ್ದು ಏರಿಸುತ್ತಾಳೆಯೇ ನೋಡಿ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಆರುತ್ತದೆ. ಮಾತು ಅಥವಾ ಶಾಲೆಯ ಪಾಠ ಹಿಂದೆ ಬಿದ್ದಿದ್ದರೆ ಕಾಯಬಾರದು. ಕಿವಿಗೋಸ್ಕರ ಆಕೆಗೆ ಗ್ಯಾಸಿನ ಔಷಧಿ ಕೊಡಲು ಈಗಿನ ಪುರಾವೆ ಸಾಲದು.

ಇಬ್ಬರೂ ಒಟ್ಟಿಗೇ ಗದಗದ ಇಲ್ಲವೇ ಹುಬ್ಬಳ್ಳಿಯ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ (ಜನ ಜಿಮ್ಸ್, ಕಿಮ್ಸ್ ಎನ್ನುವುದು ಇವಕ್ಕೇ) ಹೋಗಿ ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ತೋರಿಸಿ. ಆಡಿಯೋಮೆಟ್ರಿ, ಮತ್ತು ತಮಟೆ-ಮಧ್ಯಕಿವಿಯ ಒತ್ತಡ ನೋಡುವ ಟಿಂಪನೋಮೆಟ್ರಿ, ಎರಡನ್ನೂ ಕೇಳಿ ಮಾಡಿಸಿ. ಎರಡರಲ್ಲೂ ಸೂಜಿಯಿಲ್ಲ, ನೋವಿಲ್ಲ. ನೀವು ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಜೇಬಿನಲ್ಲಿರಲಿ. ಹೋಗುವುದು ಸೋಮವಾರ ಬೆಳಿಗ್ಗೆಯಾಗಲಿ, ಪಾಳಿಗೆ ಕಾಲಿಡುವ ಮೊದಲು. ಭಾನುವಾರ ಮಷಿನ್ ಸದ್ದಿನಿಂದ ದೂರವಿದ್ದ ಕಿವಿ ಮಾತ್ರ ನಿಜವಾದ ಅಳತೆ ಕೊಡುತ್ತದೆ.